ಗಣಕ: ಎಣಿಸುವವನು, ಗಣಿಸುವವನು

ಅಮರಕೋಶದಲ್ಲಿ ‘ಗಣಕ’ ಸಿಗುವುದು ದೈವಜ್ಞ, ಸಾಂವತ್ಸರ, ಮೌಹೂರ್ತಿಕರ ಸಾಲಿನಲ್ಲಿ. ಗ್ರಹಗತಿ ಎಣಿಸಿ ಪಂಚಾಂಗ ಕಟ್ಟುವವನು, ಗ್ರಹಣದ ಹೊತ್ತು ಹೇಳುವವನು ಗಣಕ. ಕಾಶಿಯ ಸುಧಾಕರ ದ್ವಿವೇದಿಗಳು 19ನೇ ಶತಮಾನದ ಕೊನೆಗೆ ನಮ್ಮ ಖಗೋಳಜ್ಞರ ಚರಿತ್ರೆ ಬರೆದಾಗ ಇಟ್ಟ ಹೆಸರೂ ‘ಗಣಕತರಂಗಿಣೀ’ ಎಂದೇ.

ಆಮೇಲೆ ಕನ್ನಡ ಈ ಪದವನ್ನು ಕಂಪ್ಯೂಟರಿಗೆ ಕೊಟ್ಟಿತು. ಪಹಣಿಯೂ ಗಣಕೀಕೃತವಾಯಿತು, ಪದಕ್ಕಂಟಿದ್ದ ಆಕಾಶ ಮಾತ್ರ ಉದುರಿಹೋಯಿತು. ಇಂಗ್ಲಿಷಿನ ‘ಕಂಪ್ಯೂಟರ್’ ಕೂಡ ಒಂದು ಕಾಲಕ್ಕೆ ಮನುಷ್ಯರೇ. ಹಾರ್ವರ್ಡ್ ವೀಕ್ಷಣಾಲಯದಲ್ಲಿ ಆಕಾಶದ ಚಿತ್ರ ಮೂಡಿದ ಗಾಜಿನ ಫಲಕಗಳ ಮೇಲೆ ಕಣ್ಣು ನೆಟ್ಟು ಕುಳಿತ ಹೆಂಗಸರನ್ನು ಹಾಗೆ ಕರೆಯುತ್ತಿದ್ದರು. ಅವರಲ್ಲೊಬ್ಬರಾದ ಆ್ಯನಿ ಜಂಪ್ ಕ್ಯಾನನ್ ಸುಮಾರು ಮೂರೂವರೆ ಲಕ್ಷ ನಕ್ಷತ್ರಗಳನ್ನು ವರ್ಗೀಕರಿಸಿದರು. ಅದು ಬರೀ ಎಣಿಕೆಯಲ್ಲ, ನೋಡಿ ಗುರುತಿಸುವ ಕೆಲಸ.

‘ಗಣ್’ ಧಾತುವಿನಲ್ಲಿ ಈ ಎರಡೂ ಇವೆ. ಗಣತಿ, ಗಣಿತ ಒಂದು ಕಡೆ. ಗಣ್ಯ, ನಗಣ್ಯ, ‘ಗಣನೆಗೆ ತಗೊಳ್ಳೋದು’ ಇನ್ನೊಂದು ಕಡೆ. ಎಣಿಸುವುದರ ಜೊತೆಗೇ ಯಾವುದು ಎಣಿಕೆಗೆ ಯೋಗ್ಯ ಎಂದು ತೀರ್ಮಾನಿಸುವುದೂ ಗಣನೆಯೇ. ಯಂತ್ರಕ್ಕೆ ನಾವು ಬಹುಕಾಲ ಬಿಟ್ಟುಕೊಟ್ಟದ್ದು ಮೊದಲ ಅರ್ಥವನ್ನಷ್ಟೇ.

ಎರಡನೆಯದೂ ಅದರ ಕೈಗೆ ಹೋದದ್ದಕ್ಕೆ ಒಳ್ಳೆಯ ಉದಾಹರಣೆ 2017ರದ್ದು. ಗ್ರಹವೊಂದು ತನ್ನ ನಕ್ಷತ್ರದ ಮುಂದೆ ಹಾದಾಗ ಬೆಳಕು ತುಸು ಕುಗ್ಗುತ್ತದೆ. ಕೆಪ್ಲರ್ ದೂರದರ್ಶಕ ನಾಲ್ಕು ವರ್ಷ ಲಕ್ಷಾಂತರ ನಕ್ಷತ್ರಗಳಲ್ಲಿ ಈ ಕುಸಿತಕ್ಕಾಗಿ ಕಾದಿತ್ತು. ಜೋಡಿ ನಕ್ಷತ್ರಗಳೂ ಉಪಕರಣದ ಗದ್ದಲವೂ ಇಂಥದೇ ವೇಷ ಹಾಕುತ್ತವೆ. ಹಾಗಾಗಿ ದುರ್ಬಲ ಕುಸಿತಗಳನ್ನು ನಗಣ್ಯವೆಂದು ಬದಿಗಿಡುವುದು ವಾಡಿಕೆ. ಗೂಗಲ್‌ನ ಕ್ರಿಸ್ಟೋಫರ್ ಶಾಲ್ಯೂ, ಖಗೋಳಜ್ಞ ಆ್ಯಂಡ್ರೂ ವ್ಯಾಂಡರ್‌ಬರ್ಗ್ ಇಬ್ಬರೂ ಸೇರಿ, ತಜ್ಞರು ಮೊದಲೇ ಪರಿಶೀಲಿಸಿ ಗುರುತು ಹಾಕಿದ್ದ ಸುಮಾರು 15,000 ಸಂಕೇತಗಳನ್ನು ತೋರಿಸಿ ಒಂದು ನರಜಾಲವನ್ನು (ನ್ಯೂರಲ್ ನೆಟ್‌ವರ್ಕ್) ಪಳಗಿಸಿದರು. ಮನುಷ್ಯರ ತೀರ್ಪುಗಳೇ ಅದರ ಪಾಠ ಎಂಬುದನ್ನು ಮರೆಯುವವರೇ ಹೆಚ್ಚು. ನಂತರ 670 ನಕ್ಷತ್ರಗಳ ದುರ್ಬಲ ಸಂಕೇತಗಳನ್ನು ಅದರ ಮುಂದಿಟ್ಟರು. ಕೆಪ್ಲರ್-90 ಎಂಬ ನಕ್ಷತ್ರದ ಎಂಟನೇ ಗ್ರಹ ಸಿಕ್ಕಿದ್ದು ಹಾಗೆ. ಆ ಗ್ರಹಕ್ಕೆ ವರ್ಷವೆಂದರೆ ನಮ್ಮ 14 ಚಿಲ್ಲರೆ ದಿನಗಳು. ನಗಣ್ಯದ ರಾಶಿಯಿಂದ ಒಂದು ಗಣ್ಯ ಹೊರಬಂತು.

ಆದರೆ ಯಂತ್ರ ಕೊಟ್ಟ ಅಂಕವನ್ನೇ ನಂಬಿ ಅವರು ಗ್ರಹವೆಂದು ಸಾರಲಿಲ್ಲ. ಬೆಳಕಿನ ರೇಖೆಯನ್ನು ಮತ್ತೆ ಜಾಲಾಡಿದರು, ಬೇರೆ ಸಾಧ್ಯತೆಗಳನ್ನು ಒಂದೊಂದಾಗಿ ತಳ್ಳಿಹಾಕಿದರು. ಇಂಥ ಕೆಲಸ ಮಾಡುವವರನ್ನು ಕನ್ನಡದಲ್ಲಿ ಏನೆನ್ನಬೇಕೋ. ಅವರಿಗೆ ಒಪ್ಪುವ ಪದವನ್ನು ಆಗಲೇ ಯಂತ್ರಕ್ಕೆ ಕೊಟ್ಟುಬಿಟ್ಟಿದ್ದೇವೆ.