ಸೆಕೆಂಡ್ ಹ್ಯಾಂಡ್ ಬೇಸ್ ಗಿಟಾರ್: ತಲೆ ಮೇಲಿನ ಹೆಸರು ನೋಡಿ ದುಡ್ಡು ಕೊಡಬೇಡಿ

ಶಿಕಾರಿಪುರ/ಸೊರಬ: ಗಣಪತಿ ಹಬ್ಬ ಹತ್ತಿರ ಬಂತು ಅಂದ್ರೆ ಎರಡೂ ತಾಲೂಕಿನಲ್ಲಿ ಆರ್ಕೆಸ್ಟ್ರಾದವರ ಓಡಾಟ ಶುರುವಾಗುತ್ತೆ. ಹಬ್ಬದ ರಸಮಂಜರಿ ಮುಗಿದರೆ ದಸರಾ, ಅದು ಮುಗಿದರೆ ರಾಜ್ಯೋತ್ಸವ, ಆಮೇಲೆ ಮದುವೆ, ಜಾತ್ರೆ. ಕೀಬೋರ್ಡಿನ ಎಡಗೈಯಲ್ಲೇ ಬೇಸ್ ಮುಗಿಸುವ ತಂಡಗಳು ಬೇಕಾದಷ್ಟಿವೆ. ಆದರೆ ಒಂದು ಸಲ ನಿಜವಾದ ಬೇಸ್ ಗಿಟಾರ್ ಜೊತೆ ಹಾಡಿದ ಗಾಯಕ ಮತ್ತೆ ಅದನ್ನೇ ಕೇಳ್ತಾನೆ. 1981ರ 'ಗೀತಾ' ಸಿನಿಮಾಕ್ಕೆ ಇಳಯರಾಜ ಮಾಡಿದ ಹಾಡುಗಳನ್ನ ಇಯರ್‌ಫೋನ್ ಹಾಕ್ಕೊಂಡು ಒಮ್ಮೆ ಕೇಳಿ. ಕೆಳಗಡೆ ಹರಿಯುವ ಆ ದಪ್ಪ ನಾದ ತೆಗೆದುಬಿಟ್ರೆ ಅರ್ಧ ಹಾಡು ಹೋದಂಗೆ.

ಹೊಸದಕ್ಕೆ ದುಡ್ಡು ಸಾಲದವರು ಹೋಗೋದು ಸೆಕೆಂಡ್ ಹ್ಯಾಂಡ್‌ಗೆ. ಮೊಬೈಲ್‌ನಲ್ಲಿ ಫೋಟೊ ನೋಡಿ, ಶಿವಮೊಗ್ಗಕ್ಕೋ ಹುಬ್ಬಳ್ಳಿಗೋ ಬಸ್ ಹತ್ತಿ, ಒಂದು ಸೀಸನ್ನಿನ ದುಡಿಮೆ ಕೊಟ್ಟು ತರ್ತಾರೆ. ಮೋಸ ಆಗೋದು ಅಲ್ಲೇ. ಒಳ್ಳೇ ವಾದ್ಯವನ್ನೇ ತಂದು ಒಂದೇ ಮಳೆಗಾಲದಲ್ಲಿ ಹಾಳು ಮಾಡ್ಕೊಳ್ಳೋರೂ ಇದ್ದಾರೆ. ಅವರಿಗೆ, ಸೌಂಡ್ಸ್ ಬಾಡಿಗೆ ಕೊಡುವವರಿಗೆ, ಹಳೇ ಸಾಮಾನು ಕೊಂಡು ಮಾರುವ ಅಂಗಡಿಯವರಿಗೆ ಈ ಮಾಹಿತಿ.

ಟೇಪ್ ಹಿಡಿದು ಅಳೆಯಿರಿ

ಸಾಮಾನ್ಯ ಬೇಸ್ ಗಿಟಾರಿಗೆ ನಾಲ್ಕು ತಂತಿ. ಅತಿ ದಪ್ಪದ್ದು ಸುಮಾರು 2.6 ಮಿ.ಮೀ., ಅತಿ ತೆಳುವಿನದು 1.1 ಮಿ.ಮೀ. ಮೇಲಿನ ನಟ್‌ನಿಂದ ಕೆಳಗಿನ ಬ್ರಿಡ್ಜ್‌ವರೆಗೆ ತಂತಿಯ ಉದ್ದ 34 ಇಂಚು. ಮಾಮೂಲಿ ಎಲೆಕ್ಟ್ರಿಕ್ ಗಿಟಾರಿನಲ್ಲಿ ಇದು ಹೆಚ್ಚುಕಮ್ಮಿ ಇಪ್ಪತ್ತೈದೂವರೆ ಇಂಚು ಇರುತ್ತೆ. ಟೈಲರ್ ಟೇಪ್ ಜೇಬಿನಲ್ಲಿಟ್ಟುಕೊಂಡು ಹೋದರೆ ಸಾಕು. 30 ಇಂಚು ಬಂದರೆ ಗಾಬರಿ ಬೇಡ, ಅದು ಶಾರ್ಟ್ ಸ್ಕೇಲ್ ಬೇಸ್. ಪಿಟೀಲಿನ ಆಕಾರದ, ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ನುಡಿಸುತ್ತಿದ್ದ ಹಾಫ್ನರ್ ಆ ಜಾತಿಯದು. ಆದರೆ ಅದಕ್ಕೆ ತಂತಿ ಕೊಳ್ಳುವಾಗ ಶಾರ್ಟ್ ಸ್ಕೇಲ್ ಅಂತಲೇ ಕೇಳಿ ತಗೋಬೇಕು.

ಯಾವ ಜಾತಿ ಅನ್ನೋದನ್ನ ಹೇಳುವುದು ಪಿಕಪ್, ಅಂದ್ರೆ ತಂತಿಯ ಕೆಳಗೆ ಕೂತಿರುವ ಅಯಸ್ಕಾಂತದ ಡಬ್ಬಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಯೋ ಫೆಂಡರ್ ಅವರ ಕಂಪನಿ 1951ರಲ್ಲಿ ಪ್ರಿಸಿಷನ್ ಬೇಸ್ ಹೊರತಂದಿತು. 1957ರಿಂದ ಅದರ ಪಿಕಪ್ ಎರಡು ತುಂಡು, ಒಂದು ಮೇಲೆ ಒಂದು ಕೆಳಗೆ ಸರಿದಂತೆ. ಇದೇ 'ಪಿ' ಪಿಕಪ್. 1960ರಲ್ಲಿ ಬಂದ ಜಾಝ್ ಬೇಸ್‌ಗೆ ಉದ್ದನೆಯ ಎರಡು ಪಿಕಪ್, ಅದು 'ಜೆ'. ಮಧ್ಯದಲ್ಲಿ ಪಿ, ಬ್ರಿಡ್ಜ್ ಹತ್ತಿರ ಜೆ ಇದ್ದರೆ ಪಿಜೆ, ಯಮಹಾ ಟಿಆರ್‌ಬಿಎಕ್ಸ್ 174 ಇದ್ದಂಗೆ. ಬ್ರಿಡ್ಜ್ ಹತ್ತಿರ ಒಂದೇ ಒಂದು ದಪ್ಪನೆಯ ಪಿಕಪ್ ಇದ್ದು, ತಲೆಯಲ್ಲಿ ಕಿವಿಗಳು ಮೂರು ಒಂದು ಕಡೆ, ಒಂದು ಇನ್ನೊಂದು ಕಡೆ ಇದ್ದರೆ ಅದು 1976ರ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ದಾರಿಯದು. ರಸಮಂಜರಿಗೆ ಯಾವುದು ಒಳ್ಳೇದು ಅಂತ ಕೇಳಿದರೆ ನಮ್ಮ ಮತ ಪಿ ಅಥವಾ ಪಿಜೆಗೆ. ಗುಬುಟು ಕಮ್ಮಿ, ಗದ್ದಲದಲ್ಲೂ ನಾದ ಎದ್ದು ಕೇಳುತ್ತೆ.

ಹೆಸರು ಅಂಟಿಸೋದು ಕಷ್ಟ ಅಲ್ಲ

ತಲೆಭಾಗದ ಮೇಲೆ 'ಫೆಂಡರ್' ಅಂತ ಇದೆ ಅನ್ನೋದು ಏನನ್ನೂ ಹೇಳಲ್ಲ. ಆ ಸ್ಟಿಕ್ಕರ್ ಬಿಡಿಯಾಗಿ ಸಿಗುತ್ತೆ. ಉಗುರು ಆಡಿಸಿ ನೋಡಿ, ಅಂಚು ತಡೆದರೆ ಅನುಮಾನ ಪಡಿ. ಆಮೇಲೆ ಸೀರಿಯಲ್ ನಂಬರ್ ನೋಡಿ. ಫೆಂಡರ್‌ನ ಈಚಿನ ನಂಬರ್‌ಗಳು ಎಂಎಕ್ಸ್ ಅಂತ ಶುರುವಾದರೆ ಮೆಕ್ಸಿಕೊ, ಯುಎಸ್ ಅಂತಿದ್ದರೆ ಅಮೆರಿಕ; ಮುಂದಿನ ಎರಡು ಅಂಕಿ ವರ್ಷ. ಎಂಎಕ್ಸ್21 ಅಂದ್ರೆ 2021. ಅದೇ ಕಂಪನಿಯ ಅಗ್ಗದ ಸಾಲು ಸ್ಕ್ವೈರ್. ಅದರಲ್ಲಿ ಐಸಿಎಸ್ ಅಂತ ಶುರುವಾದರೆ ಇಂಡೋನೇಷ್ಯಾದ ಕಾರ್ಟ್ ಕಾರ್ಖಾನೆಯದು, ಅಲ್ಲೂ ಮುಂದಿನ ಎರಡು ಅಂಕಿ ವರ್ಷ. ಇಬನೇಜ್‌ನಲ್ಲಿ ಐ ಅಕ್ಷರದ ನಂತರ ಎರಡು ಅಂಕಿ ವರ್ಷ, ಇನ್ನೆರಡು ತಿಂಗಳು.

ತಲೆ ಮೇಲೆ ಫೆಂಡರ್, ಹಿಂದೆ ಐಸಿಎಸ್ ನಂಬರ್. ಇಂಥದ್ದು ಸಿಕ್ಕರೆ ಸ್ಕ್ವೈರ್ ಮೇಲೆ ದೊಡ್ಡಣ್ಣನ ಹೆಸರು ಅಂಟಿಸಿದ್ದಾರೆ ಅಂತಲೇ ಅರ್ಥ. ಸ್ಕ್ವೈರ್ ಕೆಟ್ಟ ವಾದ್ಯ ಅಲ್ಲ, ಊರಿನ ಕಾರ್ಯಕ್ರಮಕ್ಕೆ ಧಾರಾಳ ಸಾಕು, ಆದರೆ ಸ್ಕ್ವೈರ್ ರೇಟಿಗೆ ಕೊಳ್ಳಿ. ಹಂಗೇ ಗಿವ್ಸನ್ ಅನ್ನೋದು ಗಿಬ್ಸನ್‌ನ ಅಚ್ಚಿನ ತಪ್ಪಲ್ಲ. ಅದು ಕೋಲ್ಕತ್ತದ ಬೇರೆಯದೇ ಕಂಪನಿ.

ಮಾರುವವರು ಒಪ್ಪಿದರೆ ನಾಬ್‌ಗಳಿರುವ ತಗಡಿನ ಸ್ಕ್ರೂ ಬಿಚ್ಚಿಸಿ ಒಳಗೆ ಟಾರ್ಚ್ ಬಿಡಿ. ಮರದ ಅಂಚಿನಲ್ಲಿ ಪದರ ಪದರ ಕಂಡರೆ ಪ್ಲೈವುಡ್. ದುಬಾರಿ ಹೆಸರಿನ ಗಿಟಾರ್ ಪ್ಲೈವುಡ್ ಆಗಿದ್ದರೆ ಮಾತು ಅಲ್ಲಿಗೇ ಮುಗೀತು. 'ಹಳೇ ಅಮೆರಿಕನ್ ಪೀಸ್' ಅಂತ ಹೇಳಿದ್ದರೆ ವಾಲ್ಯೂಮ್ ಪಾಟ್‌ನ ಬೆನ್ನಿನ ಮೇಲಿನ ಅಂಕಿ ನೋಡಿ. ಅಂಥವುಗಳಲ್ಲಿ 137ರಿಂದ ಶುರುವಾಗುವ ಸಂಖ್ಯೆ ಸಾಮಾನ್ಯ. 1377633 ಅಂದ್ರೆ ಆ ಪಾಟ್ 1976ರ 33ನೇ ವಾರದ್ದು. ಗಿಟಾರ್ 1972ರದ್ದು ಅಂತ ಮಾರುವವರು ಹೇಳ್ತಿದ್ದರೆ ಲೆಕ್ಕ ತಾಳೆ ಆಗಲ್ಲ.

ನಮ್ಮ ಬೀಟೆ, ನಮ್ಮ ಮತ್ತಿ

ಇನ್ನೊಂದು ಗುರುತು ಮಲೆನಾಡಿನವರಿಗೆ ಬೇರೆಯವರಿಗಿಂತ ಸುಲಭ. ಬೆರಳು ಒತ್ತುವ ಪಟ್ಟಿ, ಅಂದ್ರೆ ಫ್ರೆಟ್‌ಬೋರ್ಡ್, ತಿಳಿ ಹಳದಿ ಇದ್ದರೆ ಮೇಪಲ್, ಹೊರದೇಶದ ಮರ. ಕಪ್ಪುಗೆಂಪು ಇದ್ದು 'ಇಂಡಿಯನ್ ರೋಸ್‌ವುಡ್' ಅಂದರೆ ಅದು ಬೇರೇನಲ್ಲ, ನಮ್ಮ ಬೀಟೆ. ದಶಕಗಳ ಕಾಲ ಜಗತ್ತಿನ ಗಿಟಾರ್ ಕಂಪನಿಗಳು ನೆಚ್ಚಿಕೊಂಡಿದ್ದ ಮರ ಇದು.

2017ರ ಜನವರಿ 2ರಿಂದ ಬೀಟೆ ಜಾತಿಯ ಎಲ್ಲಾ ಮರಗಳ ಮೇಲೂ ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದದ ನಿರ್ಬಂಧ ಬಂತು. ಗಡಿ ದಾಟಿಸೋಕೆ ಕಾಗದಪತ್ರ ಬೇಕಾಯ್ತು. ತಯಾರಾದ ವಾದ್ಯಗಳಿಗೆ ಇದರಿಂದ ವಿನಾಯಿತಿ ಸಿಕ್ಕಿದ್ದು 2019ರ ಕೊನೆಗೆ. ಅಷ್ಟರಲ್ಲಿ ಕಂಪನಿಗಳು ಬೇರೆ ಮರ ಹುಡುಕಿಕೊಂಡಿದ್ದವು. ಸ್ಕ್ವೈರ್‌ನವರು ಹಿಡಿದದ್ದು 'ಇಂಡಿಯನ್ ಲಾರೆಲ್'. ಮರದ ವ್ಯಾಪಾರದಲ್ಲಿ ಆ ಹೆಸರು ಯಾವುದಕ್ಕೆ ಗೊತ್ತಾ? ಮತ್ತಿ ಮರಕ್ಕೆ. ಸೊರಬದ ಕಾಡಂಚಿನ ಯಾರನ್ನ ಕೇಳಿದರೂ ತೋರಿಸುವ ಮತ್ತಿ.

ಹಾಗಾಗಿ ಪಟ್ಟಿ ಮತ್ತಿಯದ್ದಾಗಿದ್ದು, ಸ್ಕ್ವೈರ್ ಗಿಟಾರನ್ನ '2010ರ ಮಾಡೆಲ್, ಹಳೇದು, ಒಳ್ಳೇದು' ಅಂತ ಮಾರಿದರೆ ನಂಬೋದು ಬೇಡ. ಬೀಟೆಯಲ್ಲಿ ನೇರಳೆ ಛಾಯೆಯ ಗೆರೆ ಇರುತ್ತೆ, ಮತ್ತಿ ಕಂದು, ರಂಧ್ರ ಹೆಚ್ಚು, ಒರಟು. ಫೋಟೊದಲ್ಲಿ ಗೊತ್ತಾಗಲ್ಲ, ಹಗಲು ಬೆಳಕಿನಲ್ಲಿ ನೋಡಬೇಕು. ಗಂಧ ಕೆತ್ತುವ ಗುಡಿಗಾರರ ಊರು ಸೊರಬ. ಮರ ನೋಡಿ ಪಳಗಿದ ಆ ಕೈಗಳಲ್ಲಿ ಯಾರಿಗಾದರೂ ಒಮ್ಮೆ ತೋರಿಸಿ, ಇಂಟರ್‌ನೆಟ್‌ಗಿಂತ ಬೇಗ ಉತ್ತರ ಸಿಗುತ್ತೆ.

ನೆಕ್ ನೆಟ್ಟಗಿದೆಯಾ?

ಬಣ್ಣ ಹೋಗಿದ್ರೆ ಚಿಂತೆ ಇಲ್ಲ, ಪಾಟ್ ಕರಕರ ಅಂದ್ರೂ ರಿಪೇರಿ ಆಗುತ್ತೆ. ನೆಕ್ ತಿರುಚಿಕೊಂಡಿದ್ರೆ ಮಾತ್ರ ವಾಪಸ್ ಕೊಟ್ಟು ಬನ್ನಿ. ನಾಲ್ಕು ತಂತಿ ಸೇರಿ ನೆಕ್ಕನ್ನ ಎಳೆಯುವ ಭಾರ ಸುಮಾರು 75ರಿಂದ 80 ಕೆ.ಜಿ., ಅಂದ್ರೆ ಒಂದೂವರೆ ಮೂಟೆ ಸಿಮೆಂಟ್ ಹಗಲೂ ರಾತ್ರಿ ನೇತು ಹಾಕಿದಂಗೆ. ಅದನ್ನ ತಡೆಯೋಕೆ ಮರದ ಒಳಗೆ ಒಂದು ಸ್ಟೀಲ್ ರಾಡ್ ಇರುತ್ತೆ, ಟ್ರಸ್ ರಾಡ್.

ಪರೀಕ್ಷೆ ಹೀಗೆ. ದಪ್ಪ ತಂತಿಯನ್ನ ಮೊದಲ ಫ್ರೆಟ್‌ನಲ್ಲಿ ಒಂದು ಕೈಯಿಂದ, ನೆಕ್ ದೇಹಕ್ಕೆ ಸೇರುವ ಕಡೆ ಇನ್ನೊಂದು ಕೈಯಿಂದ ಒತ್ತಿ ಹಿಡಿಯಿರಿ. ಏಳೆಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ನುಸುಳುವಷ್ಟು ಸಂದು ಇರಬೇಕು. ಏನೂ ಸಂದಿಲ್ಲದಿದ್ರೆ ನೆಕ್ ಹಿಂದಕ್ಕೆ ಬಾಗಿದೆ. ನಾಲ್ಕೈದು ಕಾರ್ಡ್ ನುಸುಳಿದ್ರೆ ಮುಂದಕ್ಕೆ ಬಾಗಿದೆ. ಎರಡನ್ನೂ ರಾಡ್ ತಿರುಗಿಸಿ ಸರಿ ಮಾಡಬಹುದು, ಆದ್ರೆ ರಾಡ್ ತಿರುಗುವ ಸ್ಥಿತಿಯಲ್ಲಿದೆಯಾ ಅಂತ ಕೊಳ್ಳುವ ಮುಂಚೆಯೇ ಕೇಳಿ. ತಿರುಗಿಸೋದಾದ್ರೆ ಸರಿಯಾದ ಅಳತೆಯ ಅಲೆನ್ ಕೀ, ಒಂದು ಸಲಕ್ಕೆ ಕಾಲು ಸುತ್ತು, ಒಂದು ದಿನ ಬಿಟ್ಟು ಮತ್ತೆ ನೋಡೋದು. ಬಿಗಿ ಮಾಡಿದರೆ ಮುಂದಿನ ಬಾಗು ಕಮ್ಮಿ ಆಗುತ್ತೆ. ಬರ್ತಿಲ್ಲ ಅಂತ ಕಟಿಂಗ್ ಪ್ಲೇಯರ್ ಹಾಕಿ ತಿರುಗಿಸಿದರೆ ರಾಡ್ ಮುರಿದು ಗಿಟಾರ್ ಸೌದೆಗೆ ಸಮ.

ಮಳೆಗಾಲ, ಬೇಸಿಗೆ

ಜೂನ್‌ನಿಂದ ಸೆಪ್ಟೆಂಬರ್ ಚಂದ್ರಗುತ್ತಿ ಕಡೆ ಗೋಡೆಯೇ ಬೆವರುತ್ತೆ. ಶಿರಾಳಕೊಪ್ಪ ಕಡೆ ಅಷ್ಟಿಲ್ಲ, ಆದರೂ ತೇವ ತೇವವೇ. ಮರ ತೇವ ಹೀರಿ ಉಬ್ಬುತ್ತೆ, ನೆಕ್ ಆಚೆಗೋ ಈಚೆಗೋ ಸರಿಯುತ್ತೆ. ತಂತಿಗೆ ತುಕ್ಕು, ಬ್ಯಾಗಿನೊಳಗೆ ಬೂಷ್ಟು. ಬೇಸಿಗೆಯಲ್ಲಿ ಉಲ್ಟಾ, ಪಟ್ಟಿ ಒಣಗಿ ಕುಗ್ಗಿ ಫ್ರೆಟ್‌ನ ತುದಿ ಹೊರಗೆ ಚಾಚಿ ಬೆರಳಿಗೆ ಕೆರೆಯುತ್ತೆ.

ಗಿಟಾರನ್ನ ಹೊರಗೋಡೆಗೆ ಒರಗಿಸಬೇಡಿ. ಬೆಚ್ಚಗಿರಲಿ ಅಂತ ಒಲೆ ಮೇಲಿನ ಅಟ್ಟಕ್ಕೆ ಹಾಕೋದೂ ಬೇಡ, ಅಡಿಕೆ ಒಣಗಿಸೋ ಲೆಕ್ಕ ಇಲ್ಲಿ ನಡೆಯಲ್ಲ. ನೆನೆದ ಬ್ಯಾಗಿನೊಳಗೆ ಗಿಟಾರ್ ಹಾಕಿ ಜಿಪ್ ಎಳೆಯಬೇಡಿ. ಬ್ಯಾಗ್ ಬಿಸಿಲಿಗೆ ಒಣಗಿಸಿ, ಗಿಟಾರ್ ನೆರಳಲ್ಲಿ ಇರಲಿ. ಚಪ್ಪಲಿ, ಶೂ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎಸೆಯದೆ ಐದಾರು ಸೇರಿಸಿ ಬ್ಯಾಗಿನೊಳಗೆ ಹಾಕಿ. ಚಪ್ಪಲಿ ಅಂಗಡಿಯವರು ಕೇಳಿದರೆ ಕೊಡ್ತಾರೆ.

ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಲ್ಲಿ ತಂತಿ ಒರೆಸೋದು ಒಂದು ನಿಮಿಷದ ಕೆಲಸ. ಕೊಬ್ಬರಿ ಎಣ್ಣೆ ಹಚ್ಚಬೇಡಿ, ಕನರಿ ಅಂಟು ಕಟ್ಟುತ್ತೆ. ಹಳೇ ತಂತಿ ನೀರಲ್ಲಿ ಕುದಿಸುವ ಉಪಾಯ ಸುಳ್ಳಲ್ಲ, ಒಳಗಿನ ಜಿಡ್ಡು ಬಿಟ್ಟು ಒಂದೆರಡು ಕಾರ್ಯಕ್ರಮಕ್ಕೆ ನಾದ ಬರುತ್ತೆ. ಆಯುಧ ಪೂಜೆಗೆ ಅರಿಶಿನ ಕುಂಕುಮ ಇಡೋರು ದೇಹದ ಹಿಂಭಾಗಕ್ಕೆ ಇಡಿ. ಮೇಪಲ್ ಪಟ್ಟಿಗೆ ಒದ್ದೆ ಕುಂಕುಮ ತಾಗಿದರೆ ಕಲೆ ಹೋಗೋದು ಕಷ್ಟ.

9 ವೋಲ್ಟ್ ಬ್ಯಾಟರಿ ಇರುವ ಗಿಟಾರ್ ಆದರೆ ನುಡಿಸಿ ಮುಗಿದ ತಕ್ಷಣ ಕೇಬಲ್ ಕೀಳಿ. ಬಹುತೇಕ ಗಿಟಾರ್‌ಗಳಲ್ಲಿ ಕೇಬಲ್ ಚುಚ್ಚೋದೇ ಸ್ವಿಚ್.

ಪೆಂಡಾಲಿನಲ್ಲಿ ಕರೆಂಟ್: ಸೌಂಡ್ಸ್‌ನವರು ಓದಲೇಬೇಕು

ಬೇಸ್ ಗಿಟಾರಿನ ತಂತಿಗಳು ಬ್ರಿಡ್ಜ್ ಮೂಲಕ, ಒಳಗಿನ ವೈರ್ ಮೂಲಕ, ಕೇಬಲ್ ಮೂಲಕ ಆಂಪ್ಲಿಫೈಯರ್‌ನ ಲೋಹದ ದೇಹಕ್ಕೆ ಸೇರಿರುತ್ತವೆ. ಗುಂಯ್ ಸದ್ದು ಕಮ್ಮಿ ಆಗಲಿ ಅಂತ ಮಾಡಿರುವ ವ್ಯವಸ್ಥೆ ಅದು. ತಂತಿ ಮುಟ್ಟಿದ ಕೂಡಲೇ ಸದ್ದು ಕಮ್ಮಿ ಆಗೋದು ಇದಕ್ಕೇ. ಆದರೆ ಆಂಪ್ಲಿಫೈಯರ್‌ನಲ್ಲಿ ದೋಷ ಇದ್ದು, ಅರ್ಥಿಂಗ್ ಇಲ್ಲದಿದ್ದರೆ ಅದೇ ದಾರಿಯಲ್ಲಿ ಕರೆಂಟ್ ತಂತಿಗೆ ಬರುತ್ತೆ. ಕೈ ತಂತಿ ಮೇಲೆ, ತುಟಿ ಮೈಕ್ ಮೇಲೆ, ಕಾಲ ಕೆಳಗೆ ನೆನೆದ ಹಲಗೆ. 1972ರ ಮೇ 3ರಂದು ಬ್ರಿಟನ್ನಿನ ಸ್ವಾನ್ಸಿಯಲ್ಲಿ ಸ್ಟೋನ್ ದಿ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ಲಿ ಹಾರ್ವಿ ವೇದಿಕೆ ಮೇಲೆ ಸತ್ತದ್ದು ಅರ್ಥಿಂಗ್ ಇಲ್ಲದ ಮೈಕ್ ಮುಟ್ಟಿ.

ಗುಂಯ್ ಅನ್ನುತ್ತೆ ಅಂತ ಪ್ಲಗ್‌ನ ಅರ್ಥ್ ಪಿನ್ ಮುರಿಯೋದು, ಮೂರು ಪಿನ್ನಿನದಕ್ಕೆ ಎರಡು ಪಿನ್ ಹಾಕೋದು ನಮ್ಮ ಕಡೆ ಮಾಮೂಲು. ಇದನ್ನ ಇವತ್ತೇ ಬಿಡಿ. ಗುಂಯ್ ಸದ್ದಿಗೆ ಸರಿಯಾದ ಮದ್ದು ಡಿಐ ಬಾಕ್ಸ್. ಗಿಟಾರ್ ಕೇಬಲ್ ಅದಕ್ಕೆ, ಅಲ್ಲಿಂದ ಮಿಕ್ಸರ್‌ಗೆ. ಅದರ ಮೇಲಿನ ಗ್ರೌಂಡ್ ಲಿಫ್ಟ್ ಸ್ವಿಚ್ ಸಿಗ್ನಲ್ ಕೇಬಲ್‌ನ ಗ್ರೌಂಡನ್ನ ಮಾತ್ರ ಬಿಡಿಸುತ್ತೆ, ಪ್ಲಗ್‌ನ ಅರ್ಥಿಂಗ್ ಹಾಗೇ ಉಳಿಯುತ್ತೆ. ಇಡೀ ವೇದಿಕೆಗೆ ಒಂದೇ ಬೋರ್ಡಿನಿಂದ ಲೈನ್ ಕೊಡಿ, ಅದಕ್ಕೆ 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕಿಸಿ. ಜನರೇಟರ್ ಇದ್ದರೂ ಅರ್ಥ್ ರಾಡ್ ನೆಲಕ್ಕೆ ಹೊಡೆಯಬೇಕು. ಕಾರ್ಯಕ್ರಮಕ್ಕೆ ಮುಂಚೆ ಮಲ್ಟಿಮೀಟರ್‌ನ ಒಂದು ಕಡ್ಡಿ ಮೈಕ್ ಜಾಲರಿಗೆ, ಇನ್ನೊಂದು ಗಿಟಾರ್ ತಂತಿಗೆ ಇಟ್ಟು ಎಸಿ ವೋಲ್ಟ್ ನೋಡಿ. ಸೊನ್ನೆಯ ಆಸುಪಾಸು ಇರಬೇಕು. ಇಲ್ಲದಿದ್ದರೆ ಕಾರಣ ಸಿಗೋವರೆಗೆ ಯಾರೂ ಮುಟ್ಟಬಾರದು, ಕಮಿಟಿಯವರು ಎಷ್ಟೇ ಅವಸರ ಮಾಡಲಿ.

ಇನ್ನೊಂದು ಮಾತು. ದಪ್ಪ ತಂತಿ ಖಾಲಿ ಬಾರಿಸಿದಾಗಿನ ಕಂಪನ ಸೆಕೆಂಡಿಗೆ 41. ಮೈಕ್‌ಗೆ ಅಂತ ಇರುವ ಚಿಕ್ಕ ಸ್ಪೀಕರಿಗೆ ಬೇಸ್ ಜೋರಾಗಿ ಕೊಟ್ಟರೆ ಕೋನ್ ಹರಿಯುತ್ತೆ, ಆಮೇಲೆ ಬಾಡಿಗೆ ಜಗಳ.

ಅಂಗಡಿಯವರಿಗೆ

ಸಡಿಲವಾದ ಜ್ಯಾಕ್, ಬಿಟ್ಟುಹೋದ ವೈರ್ ಮೊಬೈಲ್ ರಿಪೇರಿ ಅಂಗಡಿಯಲ್ಲೇ ಬೆಸುಗೆ ಹಾಕಿಸಬಹುದು, ಅದಕ್ಕೆ ಬೆಂಗಳೂರು ಬೇಡ. ನೆಕ್, ಫ್ರೆಟ್ ಕೆಲಸ ಮಾತ್ರ ಗಿಟಾರ್ ಗೊತ್ತಿದ್ದವರಿಗೇ ಕೊಡಿ, ಬಾಗಿಲು ಮಾಡುವ ಬಡಗಿಗೆ ಬೇಡ. ಹಳೇ ಗಿಟಾರ್ ಕೊಳ್ಳುವ ಅಂಗಡಿಯವರು ತಂದವರ ಗುರುತಿನ ಚೀಟಿಯ ನಕಲು ಇಟ್ಟುಕೊಂಡು, ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಯಿರಿ. ಕಳುವಿನ ಮಾಲು ಅಂತ ನಾಳೆ ಠಾಣೆಯಿಂದ ಯಾರಾದರೂ ಬಂದರೆ ತೋರಿಸೋಕೆ ಅದೊಂದೇ ಇರೋದು. ಕೊಳ್ಳುವವರೂ ನಂಬರ್ ಇಲ್ಲದ ಬಿಲ್ ತಗೋಬೇಡಿ, ನಂಬರ್ ಉಜ್ಜಿ ಅಳಿಸಿರುವ ಗಿಟಾರನ್ನಂತೂ ಮುಟ್ಟಲೇಬೇಡಿ.