ಕಾಶ್ಗರದ ಬೆಟ್ಟಗಳೂ ಶಿಪ್ಟನ್ ದಂಪತಿಗಳೂ

ಕಾರಕೋರಂ ಶ್ರೇಣಿಯ ಉತ್ತರಕ್ಕೆ, ಪಾಮೀರಿನ ಉನ್ನತಪ್ರದೇಶವು ಮರಳುಗಾಡಿಗೆ ಇಳಿಯುವ ಎಡೆಯಲ್ಲಿ, ಕಾಶ್ಗರವೆಂಬ ಪುರಾತನ ಪಟ್ಟಣವುಂಟು. ಭರತಖಂಡದವರಿಗೆ ಈ ಹೆಸರು ಅಪರಿಚಿತವಾದುದಲ್ಲ. ಕಾಶ್ಮೀರದಿಂದ ಹೋಗಿ ಕುಚಾದಲ್ಲಿ ನೆಲಸಿದ ಕುಮಾರಾಯಣನ ಮಗನಾದ ಕುಮಾರಜೀವನು, ಬೌದ್ಧಗ್ರಂಥಗಳನ್ನು ಚೀನೀ ಭಾಷೆಗೆ ತಂದು ಕೀರ್ತಿವಂತನಾಗುವುದಕ್ಕೆ ಬಹು ಮೊದಲೇ ಇಲ್ಲಿ ಕೆಲವು ಕಾಲ ವ್ಯಾಸಂಗಮಾಡಿದನು. ಬೌದ್ಧಭಿಕ್ಷುವಾಗಿದ್ದೂ ವೇದಗಳನ್ನು ಓದಿದುದು ಇಲ್ಲಿಯೇ ಎಂದು ಅವನ ಚರಿತ್ರೆಯು ಹೇಳುತ್ತದೆ. ಹ್ಯೂಯೆನ್‌ತ್ಸಾಂಗನು ಭರತಖಂಡದಿಂದ ಹಿಂದಿರುಗುವಾಗ ಪಾಮೀರನ್ನು ದಾಟಿ ಈ ಪಟ್ಟಣದ ಮೇಲೆಯೇ ಹೋದನು. ಇಂತಹ ಊರಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲಿಷರು ಬಂದು ಮನೆಮಾಡಿದರು.

ಅವರು ಬಂದುದು ಧರ್ಮಜಿಜ್ಞಾಸೆಗಾಗಿ ಅಲ್ಲವೆಂದು ಹೇಳಬೇಕಾದುದಿಲ್ಲ. ರಷ್ಯದ ಚಕ್ರವರ್ತಿಯ ಅಧಿಕಾರವು ದಕ್ಷಿಣಕ್ಕೆ ಹಬ್ಬುತ್ತಿರುವುದನ್ನು ಕಣ್ಣಿಟ್ಟು ನೋಡುವುದಕ್ಕಾಗಿಯೂ, ಲಡಾಖಿನ ಮಾರ್ಗವಾಗಿ ಬರುತ್ತಿದ್ದ ಹಿಂದೂಸ್ಥಾನದ ವರ್ತಕರ ಹಿತವನ್ನು ಕಾಯುವುದಕ್ಕಾಗಿಯೂ 1890ರಲ್ಲಿ ಜಾರ್ಜ್ ಮೆಕಾರ್ಟ್ನಿಯು ಅಲ್ಲಿಗೆ ಹೋದನು. ಶಿಕಾರಪುರದ ಲೇವಾದೇವಿಗಾರರು ಆ ಪ್ರಾಂತದಲ್ಲೆಲ್ಲ ಹರಡಿಕೊಂಡಿದ್ದರು. 1898ರಲ್ಲಿ ಅವನ ಕೈಹಿಡಿದು ಬಂದ ಕ್ಯಾಥರೀನಳು ಸುಮಾರು ಹದಿನೇಳು ವರ್ಷ ಅಲ್ಲಿ ಸಂಸಾರಮಾಡಿ, 1931ರಲ್ಲಿ ಆ ಜೀವನದ ವೃತ್ತಾಂತವನ್ನು ಪ್ರಕಟಿಸಿದಳು. ಚೀನೀಬಾಗ್ ಎಂಬ ಆ ಮನೆಯು ನದಿಯ ಮೇಲಣ ದಿಬ್ಬದಲ್ಲಿತ್ತು. ಗಾಳಿಯಲ್ಲಿ ಧೂಳು ತುಂಬಿದ ದಿನಗಳೇ ಹೆಚ್ಚು. ಅದು ತಿಳಿಯಾದಾಗ ಮಾತ್ರ ದೂರದ ಹಿಮಪರ್ವತಗಳು ತೋಟದಿಂದಲೇ ಕಾಣುತ್ತಿದ್ದವು.

ಆ ಬೆಟ್ಟಗಳನ್ನು ನೋಡಿ ಸುಮ್ಮನಿರುವ ಸ್ವಭಾವವು ಎರಿಕ್ ಶಿಪ್ಟನ್ನನದಲ್ಲ. 1907ರಲ್ಲಿ ಸಿಂಹಳದಲ್ಲಿ ಹುಟ್ಟಿದ ಈತನು ತರುಣನಾಗಿದ್ದಾಗ ಕೆನ್ಯಾದ ಕಾಫಿತೋಟದಲ್ಲಿ ದುಡಿದು, ಅಲ್ಲಿಯ ಪರ್ವತಗಳನ್ನೇರಿ ಅಭ್ಯಾಸಮಾಡಿಕೊಂಡನು. 1934ರಲ್ಲಿ ಟಿಲ್ಮನ್ನನೊಡನೆ ಋಷಿಗಂಗೆಯ ದುರ್ಗಮವಾದ ಕಮರಿಯನ್ನು ದಾಟಿ ನಂದಾದೇವಿಯ ಪ್ರಾಕಾರದೊಳಗೆ ಪ್ರವೇಶಿಸಿದ ಸಂಗತಿಯು ಪ್ರಸಿದ್ಧವಾದುದು. ನೂರಾರು ಕೂಲಿಗಳ ದಂಡು ಕಟ್ಟಿಕೊಂಡು ಪರ್ವತಕ್ಕೆ ಮುತ್ತಿಗೆ ಹಾಕುವುದನ್ನು ಇವರಿಬ್ಬರೂ ಒಪ್ಪುತ್ತಿರಲಿಲ್ಲ. ನಾಲ್ಕಾರು ಜನ, ಹಿಟ್ಟಿನ ಚೀಲಗಳು, ಗಟ್ಟಿಯಾದ ಕಾಲುಗಳು, ಇಷ್ಟಿದ್ದರೆ ಸಾಕೆಂಬುದು ಅವರ ಮತ.

1940ರಲ್ಲಿ ಶಿಪ್ಟನ್ನನು ಕಾಶ್ಗರದ ಕಾನ್ಸಲ್ ಜನರಲನಾದನು. ಆ ಮೊದಲ ಅವಧಿಯು ಸೆರೆವಾಸಕ್ಕೆ ಸಮಾನವಾಯಿತು. ಸಿಂಕಿಯಾಂಗನ್ನು ಆಳುತ್ತಿದ್ದ ಶೆಂಗ್ ಶಿತ್ಸಾಯ್‌ಯು ರಷ್ಯರ ಕಡೆಯವನಾದುದರಿಂದ ಚೀನೀಬಾಗಿನ ಬಾಗಿಲನ್ನು ಮೆಟ್ಟಲು ಊರಿನವರು ಅಂಜುತ್ತಿದ್ದರು. 1942ರಲ್ಲಿ ಇಂಗ್ಲೆಂಡಿಗೆ ಮರಳಿ ಡಯಾನಾ ಚಾನರಳನ್ನು ವಿವಾಹವಾದನು. 1946ರಲ್ಲಿ ಮತ್ತೆ ಅದೇ ಕಾಶ್ಗರಕ್ಕೆ ಕರೆಬಂದಾಗ ದಂಪತಿಗಳ ಮುಂದೆ ಕಠಿನವಾದ ಪ್ರಶ್ನೆಯೊಂದು ನಿಂತಿತು. ಅವರಿಗೆ ಹಸುಳೆಯಾದ ಮಗನಿದ್ದನು. ಗಿಲ್ಗಿಟ್, ಹುಂಜಾಗಳ ಕೊರಕಲು ದಾರಿಯಲ್ಲಿ, ಸುಮಾರು 15,500 ಅಡಿ ಎತ್ತರದ ಮಿಂಟಕಾ ಕಣಿವೆಯನ್ನು ಕುದುರೆಯ ಮೇಲೂ ಕಾಲ್ನಡೆಯಲ್ಲೂ ದಾಟಬೇಕು. ಅತ್ತ ಹೋದ ಮೇಲೆ ವೈದ್ಯನೊಬ್ಬನು ದೊರೆಯುವುದು ದುರ್ಲಭ. ಡಯಾನಾ ಮಗುವನ್ನು ಸ್ವದೇಶದಲ್ಲಿಯೇ ಬಿಟ್ಟು ಗಂಡನ ಸಂಗಡ ಹೊರಟಳು. ಈ ನಿರ್ಧಾರವನ್ನು ನಿಂದಿಸುವವರು ಎಲ್ಲ ದೇಶಗಳಲ್ಲಿಯೂ ಇದ್ದಾರು. ಸೀತೆಯ ವನವಾಸವನ್ನು ಕೊಂಡಾಡುವವರು, ಆಕೆಯು ಹೊರಟಾಗ ಮಡಿಲಲ್ಲಿ ಕೂಸಿರಲಿಲ್ಲವೆಂಬುದನ್ನು ನೆನೆಯುವುದು ನ್ಯಾಯ. ಯಾವ ದಾರಿ ಹಿಡಿದರೂ ನೋವು ತಪ್ಪದ ಎಡೆಯಲ್ಲಿ ಡಯಾನಾ ನಿಂತಿದ್ದಳು. ಮನೆಯ ಸುದ್ದಿಯನ್ನು ತರುವವರು ಹುಂಜಾದ ಅಂಚೆಯಾಳುಗಳು. ಹಿಮದಲ್ಲಿ ಅವರ ನಡೆ ತಡವಾದರೆ ಮಗುವಿನ ಸಮಾಚಾರವೂ ತಡವಾಗುತ್ತಿತ್ತು.

ಕಚೇರಿಯ ಕೆಲಸದಲ್ಲಿ ಬಿಡುವು ದೊರೆತಾಗಲೆಲ್ಲ ದಂಪತಿಗಳು ಬೆಟ್ಟದ ಕಡೆಗೆ ಹೊರಡುತ್ತಿದ್ದರು. ಕಾಶ್ಗರದ ಪಶ್ಚಿಮೋತ್ತರಕ್ಕಿರುವ ಶಿಲಾಶ್ರೇಣಿಯಲ್ಲಿ ಬಯಲಿನಿಂದ ನೋಡುವವರಿಗೆ ಒಂದು ರಂಧ್ರವು ಗೋಚರಿಸುತ್ತದೆ. ಅಲ್ಲಿಯವರು ಅದನ್ನು ತುಶುಕ್ ತಾಶ್, ಅಂದರೆ ತೂತುಬಿದ್ದ ಕಲ್ಲು, ಎನ್ನುವರು. ದೂರದಿಂದ ಸುಲಭವಾಗಿ ಕಾಣುವ ಇದು ಹತ್ತಿರ ಹೋದಂತೆ ಮಾಯವಾಗುತ್ತಿತ್ತು. ದಕ್ಷಿಣದಿಂದ ಹೋದರೆ ಕಮರಿಗಳು ಒಂದರೊಳಗೊಂದು ಕವಲೊಡೆದು, ಕಡೆಗೆ ನುಣುಪಾದ ಕಡಿದಾದ ಗೋಡೆಗಳಲ್ಲಿ ಮುಗಿಯುತ್ತಿದ್ದವು. ಹೋದುದಕ್ಕೆ ಹಿಂದಿರುಗಿದುದೇ ಫಲ. ಆದರೂ ಬಿಡದೆ 1947ರಲ್ಲಿ ಉತ್ತರದ ಮಗ್ಗುಲಿನಿಂದ ಹತ್ತಿ ನೋಡಿದಾಗ ಕಮಾನು ಇದಿರಿಗೆ ನಿಂತಿತು. ಅದು ತೂತಲ್ಲ, ಪರ್ವತಕ್ಕೇ ಇಟ್ಟ ಮಹಾದ್ವಾರ. ಅದರ ಬುಡವು ಕಾಲ ಕೆಳಗಿನ ಪ್ರಪಾತದಲ್ಲಿ ಎಲ್ಲಿಯೋ ಅಡಗಿತ್ತು. ಶಿಪ್ಟನ್ನನು ಇದನ್ನು ವರ್ಣಿಸಿದ ಮೇಲೂ ಹೊರಗಿನವರು ಬಹುಕಾಲ ಅತ್ತ ಸುಳಿಯಲಿಲ್ಲ. 2000ದಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಸಂಸ್ಥೆಯ ತಂಡವೊಂದು ಹುಡುಕಿ ತಲಪಿತು. ಸುಮಾರು 1,200 ಅಡಿ ಎತ್ತರವೆಂದು ಲೆಕ್ಕಹಾಕಲಾದ ಇದು ಜಗತ್ತಿನ ಅತ್ಯುನ್ನತ ಪ್ರಾಕೃತಿಕ ಕಮಾನುಗಳಲ್ಲೊಂದಾಗಿ, ಶಿಪ್ಟನ್ ಕಮಾನೆಂದೇ ಹೆಸರಾಗಿದೆ. ಡಯಾನಾಳ ಪಾಲು ಆ ಹೆಸರಿನಲ್ಲಿಯೇ ಸೇರಿತೆಂದು ಭಾವಿಸಬೇಕು!

ಅದೇ 1947ರ ಬೇಸಗೆಯಲ್ಲಿ ಟಿಲ್ಮನ್ನನು ಬಂದು ಕೂಡಿಕೊಂಡನು. 7,546 ಮೀಟರು ಎತ್ತರದ ಮುಜ್ತಾಗ್ ಆತಾ, ಎಂದರೆ ಹಿಮಪರ್ವತಪಿತಾಮಹ, ಅವರ ಗುರಿ. ಡಯಾನಾ ಬುಡದ ಶಿಬಿರದವರೆಗೂ ಸಂಗಡ ಬಂದಿದ್ದಳು. ಗೆಳೆಯರಿಬ್ಬರು ಶಿಖರದ ಚಪ್ಪಟೆಯಾದ ನೆತ್ತಿಯ ಸಮೀಪಕ್ಕೆ ಹೋದರಾದರೂ ಕೊರೆಯುವ ಚಳಿಯಲ್ಲಿಯೂ ಆಳವಾದ ಹಿಮದಲ್ಲಿಯೂ ಹೆಜ್ಜೆ ಮುಂದಿಡಲಾರದೆ ಇಳಿದರು. ಶಿಪ್ಟನ್ನನ ಕಾಲ್ಬೆರಳುಗಳು ಹಿಮದಿಂದ ಕೆಟ್ಟವು. ಆ ಶಿಖರವನ್ನು ಮೊದಲು ಏರಿದ ಕೀರ್ತಿಯು 1956ರಲ್ಲಿ ರಷ್ಯ ಮತ್ತು ಚೀನಾದವರ ಕೂಡುತಂಡಕ್ಕೆ ಸಂದಿತು.

ಆ ವರ್ಷವೇ ಆಗಸ್ಟಿನಲ್ಲಿ, ಯಾವ ಸರ್ಕಾರದ ಹಣದಿಂದ ಚೀನೀಬಾಗ್ ನಡೆಯುತ್ತಿತ್ತೋ ಆ ಸರ್ಕಾರವೇ ಇಲ್ಲವಾಯಿತು. 1948ರಲ್ಲಿ ಶಿಪ್ಟನ್ನನು ಹೊರಟುಹೋದನು. ತರುವಾಯ ಸ್ವತಂತ್ರಭಾರತದ ಕಾನ್ಸಲನಾಗಿ ರಾಮ್ ಸಾಠೆಯವರು ಹೋದರು. ಚೀನಾದಲ್ಲಿ ಹೊಸ ಆಡಳಿತವು ನೆಲೆಗೊಂಡ ಮೇಲೆ ಆ ಕಚೇರಿಯೂ ಮುಚ್ಚಿತು. ಶಿಪ್ಟನ್ ದಂಪತಿಗಳು ಮುಂದೆ ಕುನ್ಮಿಂಗಿನಲ್ಲಿದ್ದು, ಕ್ರಾಂತಿಯ ಗೊಂದಲವನ್ನು ಕಂಡು ಸ್ವದೇಶಕ್ಕೆ ಮರಳಿದರು. 1951ರಲ್ಲಿ ಎವರೆಸ್ಟಿನ ದಕ್ಷಿಣಮಾರ್ಗವನ್ನು ಶೋಧಿಸಿದ ತಂಡದ ನಾಯಕನು ಶಿಪ್ಟನ್ನನೇ. ಆದರೆ 1953ರ ಆರೋಹಣದ ನಾಯಕತ್ವವನ್ನು ಅವನಿಂದ ತೆಗೆದು ಜಾನ್ ಹಂಟನಿಗೆ ಕೊಟ್ಟರು. ಮುಂದೆ ಎರಡು ವರ್ಷಗಳಲ್ಲಿ ದಾಂಪತ್ಯವೂ ಮುರಿಯಿತು.

ಕಾಶ್ಗರದ ದಿನಗಳನ್ನು ಇಬ್ಬರೂ ಬೇರೆಬೇರೆಯಾಗಿ ಬರೆದಿದ್ದಾರೆ. ಡಯಾನಾಳ ಗ್ರಂಥವು 1950ರಲ್ಲಿ ಹೊರಟಿತು, ಅವನದು ಮರುವರ್ಷ. ಬೆಟ್ಟದ ಮಾರ್ಗಗಳನ್ನು ತಿಳಿಯಬೇಕೆನ್ನುವವರು ಗಂಡನ ಪುಸ್ತಕವನ್ನು ಓದಬಹುದು. ಆ ದೂರದ ಮನೆಯ ಸಂಸಾರವು ಹೇಗೆ ನಡೆಯಿತೆಂದು ಕೇಳುವವರು ಹೆಂಡತಿಯದನ್ನೇ ಹಿಡಿಯಬೇಕು.