ಬರಿಹೊಟ್ಟೆ, ಹಸಿದ ಹೊಟ್ಟೆ

ಬೆಳಗಿನ ವಾಕಿಂಗಿಗೆ ಹೊರಡುವ ಮೊದಲು ಒಂದು ಬಾಳೆಹಣ್ಣನ್ನಾದರೂ ತಿನ್ನಬೇಕೋ, ಬರಿಹೊಟ್ಟೆಯಲ್ಲೇ ಹೋಗಬೇಕೋ ಎಂಬ ಚರ್ಚೆ ಯಾವ ಪಾರ್ಕಿಗೆ ಹೋದರೂ ಕಿವಿಗೆ ಬೀಳುತ್ತದೆ. ಕೊನೆಗೆ ಯಾರಾದರೊಬ್ಬ ಹಿರಿಯರು ‘ನಮ್ಮ ಹಿಂದಿನವರು ಬರಿಹೊಟ್ಟೇಲೇ ಸಾಮು ಮಾಡ್ತಿದ್ರು’ ಎಂದುಬಿಟ್ಟರೆ ಅಲ್ಲಿಗೆ ಮಾತು ಮುಗಿಯಿತು. ಆ ಹಿಂದಿನವರು ಯಾರು, ಅವರ ಹೊಟ್ಟೆ ನಿಜಕ್ಕೂ ಎಷ್ಟು ಬರಿದಾಗಿತ್ತು ಎಂದು ನೋಡಹೊರಟರೆ ಸಂಗತಿ ಅಷ್ಟು ಸಲೀಸಾಗಿಲ್ಲ.

ಹಳೆಯ ವೈದ್ಯಗ್ರಂಥಗಳಿಂದಲೇ ಶುರುಮಾಡೋಣ. ಆಗತಾನೆ ಉಂಡವನು ವ್ಯಾಯಾಮ ಮಾಡಬಾರದು ಎನ್ನುತ್ತದೆ ಸುಶ್ರುತಸಂಹಿತೆ. ಹಸಿದವನು, ಬಾಯಾರಿದವನು ಮಾಡಬಾರದು ಎನ್ನುತ್ತದೆ ಚರಕಸಂಹಿತೆ. ಪಾರ್ಕಿನ ಎರಡು ಪಕ್ಷಗಳಿಗೂ ಒಂದೊಂದು ಸಾಕ್ಷಿ ಸಿಕ್ಕಂತಾಯಿತು! ಆದರೆ ಇವೆರಡರಲ್ಲಿ ನನಗೆ ವಿರೋಧ ಕಾಣುವುದಿಲ್ಲ. ಉಂಡದ್ದು ಕರಗಿರಬೇಕು, ಹಸಿವು ಇನ್ನೂ ಕಾಡತೊಡಗಿರಬಾರದು. ನಡುವಿನ ಆ ಕಿರಿದಾದ ಹೊತ್ತೇ ವ್ಯಾಯಾಮದ ಹೊತ್ತು. ವಾಗ್ಭಟ ಇನ್ನೊಂದು ಷರತ್ತನ್ನೂ ಹಾಕುತ್ತಾನೆ. ಚಳಿಗಾಲದಲ್ಲಿ, ವಸಂತದಲ್ಲಿ, ತನ್ನ ಶಕ್ತಿಯ ಅರ್ಧದಷ್ಟು ವ್ಯಾಯಾಮ ಮಾಡಬೇಕಾದವನು ಬಲಶಾಲಿ, ಜಿಡ್ಡಿನ ಆಹಾರ ಉಣ್ಣುವವನು. ಅಂದರೆ ಮನೆಯಲ್ಲಿ ತುಪ್ಪ ಇದ್ದವನಿಗೆ ಹೇಳಿದ ಮಾತು ಇದು.

ಆ ತುಪ್ಪದ ಲೆಕ್ಕ ನಮ್ಮ ನೆಲದಲ್ಲೂ ಸಿಗುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. ಅವನ ಬಿರುದೇ ಭೂಲೋಕಮಲ್ಲ. ಗ್ರಂಥದ ಮಲ್ಲವಿನೋದ ಭಾಗದಲ್ಲಿ ಜಟ್ಟಿಗಳನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವಿಂಗಡಿಸುವ ಬಗೆ, ಅವರ ಕಸರತ್ತು, ಅವರ ಊಟ ಎಲ್ಲವೂ ಬರುತ್ತವೆ. ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಒಳ್ಳೆಯ ಸಿಹಿತಿಂಡಿ ಒದಗಿಸುವ ಹೊಣೆ ಅರಸನದು. ಮಲ್ಲನ ಹೊಟ್ಟೆಯ ಚಿಂತೆ ಮಲ್ಲನಿಗಿರಲಿಲ್ಲ.

ಮೈಸೂರಿನ ಗರಡಿಮನೆಗಳ, ಉತ್ತರ ಕರ್ನಾಟಕದ ತಾಲೀಮುಗಳ ಶಿಸ್ತೂ ಇದೇ ದಾರಿಯದು. ನಸುಕಿನಲ್ಲಿ ಎದ್ದು, ಆಂಜನೇಯನಿಗೆ ಕೈಮುಗಿದು, ಮಟ್ಟಿಗೆ ಇಳಿಯುವಾಗ ಹೊಟ್ಟೆಯಲ್ಲಿ ಏನೂ ಇರುವುದಿಲ್ಲ. ದಂಡ, ಬಸ್ಕಿ, ಹಿಡಿತ ಬಿಡಿಸುವ ಜೋಡಿ, ಎಲ್ಲ ಮುಗಿದು ಬೆವರು ಆರಿದ ಮೇಲೆ ಬಾದಾಮಿ ಅರೆದ ಹಾಲು, ನೆನೆಸಿದ ಕಡಲೆ. ನೋಡುವವರ ಕಣ್ಣಿಗೆ ಬೀಳುವುದು ಬೆಳಗಿನ ಬರಿಹೊಟ್ಟೆ; ಹಿಂದಿನ ರಾತ್ರಿಯ ಊಟ ಬೀಳುವುದಿಲ್ಲ. ರಾತ್ರಿ ಉಂಡ ಅನ್ನ, ರೊಟ್ಟಿಯ ಒಂದು ಪಾಲನ್ನು ಯಕೃತ್ತು ಸಕ್ಕರೆಯ ದಾಸ್ತಾನಾಗಿ ಇಟ್ಟುಕೊಂಡಿರುತ್ತದೆ, ಬೆಳಗಿನ ಹೊತ್ತಿಗೆ ಅದು ಪೂರ್ತಿ ಖಾಲಿಯಾಗಿರುವುದಿಲ್ಲ. ರಾತ್ರಿಯೂ ಉಪವಾಸವಿದ್ದವನ ಕಥೆ ಬೇರೆ. ಗರಡಿಯ ನಿಯಮ ಅವನಿಗಾಗಿ ಹುಟ್ಟಿದ್ದಲ್ಲ.

ಅಂಥವನೊಬ್ಬ ನಮಗೆ ಚೆನ್ನಾಗಿ ಗೊತ್ತು. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ, ಇನ್‌ಫ್ಲುಯೆಂಜಾ ಹಾವಳಿಯ ನಡುವೆ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್. ಮಲೇರಿಯಾ, ಟೈಫಾಯ್ಡ್, ಕ್ಷಯ, ಇವುಗಳ ಜೊತೆಗೆ ಅರೆಹೊಟ್ಟೆ. 1934ರಲ್ಲಿ ಮೈಸೂರಿಗೆ, ಭಾವ ತಿರುಮಲೈ ಕೃಷ್ಣಮಾಚಾರ್ಯರ ಬಳಿಗೆ ಬಂದಾಗ ಕಡ್ಡಿಯಂತಿದ್ದ ಹುಡುಗ. ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಕಲಿತು 1937ರಲ್ಲಿ ಪುಣೆಗೆ ಹೋದರು. ಅಲ್ಲಿ ಎಷ್ಟೋ ದಿನ ಚಹಾ, ನಲ್ಲಿ ನೀರು ಕುಡಿದೇ ಹೊಟ್ಟೆ ತುಂಬಿಸಿಕೊಂಡು ಗಂಟೆಗಟ್ಟಲೆ ಅಭ್ಯಾಸ ಮಾಡಿದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಇದೇ ಮನುಷ್ಯ 1966ರಲ್ಲಿ ‘ಲೈಟ್ ಆನ್ ಯೋಗ’ ಬರೆದಾಗ ಆಸನಕ್ಕೆ ಬರಿಹೊಟ್ಟೆಯೇ ಮೇಲು ಎಂದರು; ಹೊಟ್ಟೆತುಂಬ ಉಂಡಿದ್ದರೆ ನಾಲ್ಕು ಗಂಟೆ ಬಿಡಿ, ಲಘುವಾಗಿ ತಿಂದಿದ್ದರೆ ಒಂದು ಗಂಟೆ ಸಾಕು ಎಂದರು. ಬರಿಹೊಟ್ಟೆ ಕಷ್ಟವಾದರೆ ಒಂದು ಲೋಟ ಚಹಾನೋ ಕಾಫಿಯೋ ಹಾಲೋ ಕುಡಿದು ಮಾಡಬಹುದು ಎಂದೂ ಸೇರಿಸಿದರು. ಶಿಸ್ತಿನಲ್ಲಿ ಸಿಡಿಲಿನಂಥ ಮೇಷ್ಟ್ರು ಎಂದು ಹೆಸರಾದವರ ಪುಸ್ತಕದಲ್ಲಿ ಈ ರಿಯಾಯಿತಿ! ಪುಣೆಯ ಆ ದಿನಗಳು ಗೊತ್ತಿರುವುದರಿಂದ ನನಗೆ ಆ ಲೋಟದ ಹಾಲು ಬರಿಯ ಸೌಕರ್ಯವಾಗಿ ಕಾಣುವುದಿಲ್ಲ.

ನಾನು ಓದಿದ ಹಳ್ಳಿಯ ಶಾಲೆಯಲ್ಲಿ ಡ್ರಿಲ್ ಬೆಳಗಿನ ಪ್ರಾರ್ಥನೆಯ ಬೆನ್ನಿಗೇ ಇರುತ್ತಿತ್ತು. ಬಿಸಿಲಲ್ಲಿ ಸಾಲು ನಿಂತು ಕೈ ಮೇಲೆ, ಕೈ ಕೆಳಗೆ. ಒಬ್ಬಿಬ್ಬರು ತಲೆಸುತ್ತಿ ಕೂತುಬಿಡುತ್ತಿದ್ದರು. ಮೇಷ್ಟ್ರು ಬಂದು ‘ಏನ್ ತಿಂದ್ ಬಂದಿದ್ಯೋ?’ ಎಂದು ಕೇಳಿದರೆ ಉತ್ತರ ಬರುತ್ತಿರಲಿಲ್ಲ. ಅವ್ವ ಕೂಲಿಗೆ ಹೋಗುವ ಗಡಿಬಿಡಿಯಲ್ಲಿ ಒಲೆ ಹಚ್ಚಿರಲಿಲ್ಲ ಎಂದು ಹತ್ತು ಜನರೆದುರು ಯಾರು ಹೇಳುತ್ತಾರೆ?

2002ರಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಶಾಲೆಯ ಬಿಸಿಯೂಟ ಶುರುವಾಯಿತು, ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿತು. ಅದು ಮಧ್ಯಾಹ್ನದ್ದು. ಬೆಳಗಿನ ಹೊಟ್ಟೆಯ ಕಡೆ ಸರ್ಕಾರ ತಿರುಗಿ ನೋಡಿದ್ದು 2013ರಲ್ಲಿ, ಕ್ಷೀರಭಾಗ್ಯ ಯೋಜನೆಯಲ್ಲಿ: ಮಗುವಿಗೆ 150 ಮಿಲಿಲೀಟರ್ ಹಾಲು. ಮೊದಲು ವಾರಕ್ಕೆ ಮೂರು ದಿನ, ಆಮೇಲೆ ಐದು ದಿನ.